ಕ್ಲಾಡಿಯಾ ಎಂದು ಕರೆದ ಮೇಷ್ಟ್ರು

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಒಂದು ಇ-ಮೇಲಿನಲ್ಲಿ ಆ ಹೆಸರನ್ನು ಪೂರ್ತಿಯಾಗಿ, ಒಂದಕ್ಷರ ತಪ್ಪದೆ ಬರೆದಿದ್ದೇನೆ. ಅದರಿಂದ ಆದದ್ದು ಸಾಕು. ನಮ್ಮ ಮನೆಯಲ್ಲಿ ಅವರು ಮೊದಲಿನಿಂದಲೂ ‘ಮೇಷ್ಟ್ರು’. ನ್ಯೂಜೆರ್ಸಿಯ ಒಂದು ಪಬ್ಲಿಕ್ ಹೈಸ್ಕೂಲಿನಲ್ಲಿ ಲ್ಯಾಟಿನ್ ಕಲಿಸುತ್ತಿದ್ದ, ಮಂಗಳೂರು ಕಡೆಯ ಕನ್ನಡ ಮಾತಾಡುತ್ತಿದ್ದ ಮೇಷ್ಟ್ರು. ಕಳೆದ ಚಳಿಗಾಲದ ಕೊನೆಯಲ್ಲಿ ಅವರು ತೀರಿಕೊಂಡರು. ಸುದ್ದಿ ತಿಳಿಸಿದವಳು ನನ್ನ ಮಗಳು ಸ್ಫೂರ್ತಿ. ಇಂಗ್ಲಿಷಿನಲ್ಲಿ ಒಂದೇ ಸಾಲಿನ ಮೆಸೇಜು, ಅದರ ಕೆಳಗೆ ಚರ್ಚಿನ ವಿಳಾಸ ಮತ್ತು ಹೊತ್ತು. ನೀನೂ ಬರುತ್ತೀಯಾ ಎಂದು ಅವಳು ಕೇಳಿರಲಿಲ್ಲ.

ನಾನು ಅವರನ್ನು ಮೊದಲು ನೋಡಿದ್ದು ಸ್ಫೂರ್ತಿ ಒಂಬತ್ತನೇ ಗ್ರೇಡಿಗೆ ಸೇರಿದ ಸೆಪ್ಟೆಂಬರಿನಲ್ಲಿ. ಇಲ್ಲಿ ಶಾಲೆ ಶುರುವಾದ ಮೇಲೆ ಒಂದು ಸಂಜೆ ಅಪ್ಪ ಅಮ್ಮಂದಿರನ್ನು ಕರೆಯುತ್ತಾರೆ. ಮಕ್ಕಳ ಟೈಮ್‌ಟೇಬಲ್ ಹಿಡಿದುಕೊಂಡು ನಾವು ಒಂದೊಂದು ಕ್ಲಾಸಿನಲ್ಲಿ ಹತ್ತು ಹತ್ತು ನಿಮಿಷ ಕೂತು ಬರಬೇಕು. ಲ್ಯಾಟಿನ್ ಕ್ಲಾಸಿನ ಬಾಗಿಲಲ್ಲಿ ಬೂದು ಕೋಟು ಹಾಕಿದ, ಕುಳ್ಳಗೆ ದುಂಡಗೆ ಇದ್ದ ಒಬ್ಬರು ನಿಂತಿದ್ದರು. ನನ್ನ ಎದೆಗೆ ಅಂಟಿಸಿದ್ದ ಹೆಸರಿನ ಚೀಟಿ ಓದಿ, ಎಲ್ಲರ ಎದುರಿಗೇ ಕನ್ನಡದಲ್ಲಿ, “ಮೈಸೂರು ಕಡೆಯವರಾ?” ಎಂದು ಕೇಳಿದರು.

ಅವರು ಉಡುಪಿಯ ಹತ್ತಿರದ ಊರಿನ ಕ್ರೈಸ್ತರು. ಹುಡುಗರಾಗಿದ್ದಾಗ ಪಾದ್ರಿಯಾಗಲೆಂದು ಸೆಮಿನರಿ ಸೇರಿ, ಅಲ್ಲಿ ಏಳು ವರ್ಷ ಲ್ಯಾಟಿನ್ ಓದಿ, ದೀಕ್ಷೆಗೆ ಇನ್ನೇನು ಕೆಲವು ತಿಂಗಳಿರುವಾಗ ಬಿಟ್ಟು ಬಂದವರು. ಯಾಕೆ ಬಿಟ್ಟಿರಿ ಎಂದು ಒಮ್ಮೆ ನನ್ನ ಗಂಡ ಕೇಳಿದಾಗ, ದೇವರ ಮೇಲೆ ಬೇಜಾರಿರಲಿಲ್ಲ, ಬೆಳಿಗ್ಗೆ ಬೇಗ ಏಳುವುದರ ಮೇಲಿತ್ತು ಎಂದರಂತೆ. ಮದುವೆಯಾಗಿರಲಿಲ್ಲ. ನರ್ಸಾಗಿದ್ದ ತಂಗಿಯ ಜೊತೆ ಮೆಟುಚೆನ್‌ನಲ್ಲಿ, ರೈಲ್ವೆ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರದ ಒಂದು ಸಣ್ಣ ಮನೆಯಲ್ಲಿದ್ದರು.

ಆ ಸಂಜೆಯ ಹತ್ತು ನಿಮಿಷದಲ್ಲಿ ಅವರು ಪಾಠದ ಬಗ್ಗೆ ಏನೂ ಹೇಳಲಿಲ್ಲ. ಹೆಸರುಗಳ ಬಗ್ಗೆ ಹೇಳಿದರು. ತಮ್ಮ ಕ್ಲಾಸಿನಲ್ಲಿ ಪ್ರತಿ ಮಗುವೂ ಒಂದು ರೋಮನ್ ಹೆಸರು ಇಟ್ಟುಕೊಳ್ಳಬೇಕು, ವರ್ಷವಿಡೀ ಆ ಹೆಸರಿನಿಂದಲೇ ಕರೆಯುತ್ತೇನೆ ಎಂದರು. ಗಂಡುಮಕ್ಕಳಿಗೆ ಸುಲಭ, ಹೆಣ್ಣುಮಕ್ಕಳಿಗೆ ಕಷ್ಟ. ಏಕೆಂದರೆ ರೋಮಿನ ಹಳೆಯ ಕಾಲದಲ್ಲಿ ಹೆಣ್ಣಿಗೆ ತನ್ನದೆಂಬ ಹೆಸರೇ ಇರುತ್ತಿರಲಿಲ್ಲ. ಅಪ್ಪನ ಕುಲದ ಹೆಸರಿಗೆ ಹೆಣ್ಣಿನ ಕೊನೆ ಸೇರಿಸಿದರೆ ಮಗಳ ಹೆಸರಾಯಿತು. ಕ್ಲಾಡಿಯಸ್ ಕುಲದವನ ಮಗಳು ಕ್ಲಾಡಿಯಾ. ಎರಡನೆಯವಳು ಹುಟ್ಟಿದರೆ ಅವಳೂ ಕ್ಲಾಡಿಯಾ, ಮೂರನೆಯವಳೂ ಕ್ಲಾಡಿಯಾ. ಗುರುತಿಗೆ ಬೇಕಾದರೆ ದೊಡ್ಡವಳು, ಚಿಕ್ಕವಳು, ಮೂರನೆಯವಳು ಎಂದು ಬಾಲ ಹಚ್ಚುತ್ತಿದ್ದರು. ಇದನ್ನು ಕೇಳಿ ಕ್ಲಾಸಿನ ಹುಡುಗಿಯರಿಗೆ ಪ್ರತಿ ವರ್ಷ ಸಿಟ್ಟು ಬರುತ್ತದೆ, ಆ ಸಿಟ್ಟಿನಿಂದಲೇ ನನ್ನ ಪಾಠ ಶುರು ಎಂದರು. ಅದಕ್ಕೇ ಅವರ ಕ್ಲಾಸಿನಲ್ಲಿ ಒಂದು ನಿಯಮವಿತ್ತು. ಹುಡುಗಿ ತನ್ನ ಹೆಸರನ್ನು ತಾನೇ ಆರಿಸಬೇಕು, ಆರಿಸಿದ್ದಕ್ಕೆ ಕಾರಣವನ್ನು ಒಂದು ಕಾರ್ಡಿನ ಮೇಲೆ ಬರೆದು ಅವರಿಗೆ ಕೊಡಬೇಕು.

ನಾನು ಹೊರಡುವಾಗ ನನ್ನ ಚೀಟಿಯಲ್ಲಿದ್ದ ‘ರಾಮಚಂದ್ರ’ ಯಾರು ಎಂದು ವಿಚಾರಿಸಿದರು. ಅದು ನನ್ನ ತಂದೆಯ ಹೆಸರು. ಪಾಸ್‌ಪೋರ್ಟ್ ಮಾಡಿಸುವಾಗ ಸರ್‌ನೇಮ್ ಎಂಬ ಜಾಗ ಖಾಲಿ ಬಿಡಬಾರದೆಂದು ಯಾರೋ ಅದನ್ನು ತುಂಬಿದರು. ಅಂದಿನಿಂದ ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಡಾಕ್ಟರ ಹತ್ತಿರ ನನ್ನನ್ನು ಕರೆಯುವುದೇ ಅಪ್ಪನ ಹೆಸರಿನಿಂದ.

“ಹಾಗಾದ್ರೆ ನೀವು ರೋಮಿನವರೇ ಆದ್ರಿ ಮಾರಾಯ್ರೆ” ಎಂದು ಅವರು ಹೊಟ್ಟೆ ಕುಣಿಸಿ ನಕ್ಕರು. ಅಪ್ಪ ತೀರಿಕೊಂಡು ಆಗ ಆರು ತಿಂಗಳಾಗಿತ್ತು. ಅವರ ಹೆಸರು ಹಿಡಿದು ಯಾರಾದರೂ ನಕ್ಕದ್ದು ನನಗೆ ಅಂದು ಹಿತವಾಗಿತ್ತು.

ಮೇಷ್ಟ್ರ ವಿಷಯ ಸ್ಫೂರ್ತಿಯ ಬಾಯಲ್ಲಿ ಕೇಳಿದ್ದೇ ಹೆಚ್ಚು. ಅವರು ಕೆಂಪು ಇಂಕು ಮುಟ್ಟುತ್ತಿರಲಿಲ್ಲ, ಹಸಿರಿನಲ್ಲಿ ತಿದ್ದುತ್ತಿದ್ದರು. ತಪ್ಪು ಉತ್ತರ ಕೊಟ್ಟವರಿಗೆ ‘ಥ್ಯಾಂಕ್ ಯೂ’ ಹೇಳುತ್ತಿದ್ದರು, ಸರಿಯುತ್ತರಕ್ಕೆ ಸುಮ್ಮನೆ ತಲೆಯಾಡಿಸುತ್ತಿದ್ದರು. ಕಾರಿನಲ್ಲಿ ಯಾವಾಗಲೂ ಕೊಡೆ, ಆದರೆ ಮಳೆ ಬಂದಾಗ ಅದು ಕಾರಿನಲ್ಲೇ. ವಸಂತ ಬಂದರೆ ಮಕ್ಕಳನ್ನು ನ್ಯೂಯಾರ್ಕಿನ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗಿ, ಅಮೃತಶಿಲೆಯ ಗೋರಿಕಲ್ಲುಗಳ ಮುಂದೆ ನಿಲ್ಲಿಸಿ, ಎರಡು ಸಾವಿರ ವರ್ಷದ ಹಿಂದೆ ಸತ್ತ ಹೆಂಗಸರ ಹೆಸರನ್ನು ಗಟ್ಟಿಯಾಗಿ ಓದಿಸುತ್ತಿದ್ದರು. ಯಾರಾದರೂ ಓದಿ ಬಹಳ ಕಾಲವಾಗಿರಬಹುದು, ಕೇಳಿಸಿಕೊಳ್ಳಲಿ ಎನ್ನುತ್ತಿದ್ದರಂತೆ.

ಸ್ಫೂರ್ತಿ ಆರಿಸಿಕೊಂಡ ಹೆಸರು ಕ್ಲಾಡಿಯಾ. ಹಾಗೆಂದು ಊಟದ ಹೊತ್ತಿನಲ್ಲಿ ಹೇಳಿದಳು. ಚೆನ್ನಾಗಿದೆ ಎಂದೆ. ನಮ್ಮ ಹಲ್ಲಿನ ಡಾಕ್ಟರ ರಿಸೆಪ್ಶನಿಸ್ಟ್ ಒಬ್ಬಳು ಕ್ಲಾಡಿಯಾ, ನನ್ನ ಆಫೀಸಿನ ಲಾಬಿಯಲ್ಲಿ ಕೂರುವ ಪೆರು ದೇಶದವಳು ಇನ್ನೊಬ್ಬಳು. ಸ್ಫೂರ್ತಿಯ ನಿಜವಾದ ಹೆಸರು ಇಲ್ಲಿನವರ ನಾಲಿಗೆಗೆ ಹತ್ತದೆ ‘ಸ್ಪೂರ್’ ಆಗಿ ಅವಳಿಗೂ ಸಾಕಾಗಿತ್ತು. ಅದೇ ಕಾರಣವಿರಬೇಕೆಂದುಕೊಂಡೆ. ಇನ್ನೊಂದು ದಿನ ಅವಳು ಮೇಷ್ಟ್ರು ಹೇಳಿದ ಒಂದು ಕತೆ ತಂದಳು. ದೂರದ ದೇಶದಿಂದ ದೇವಿಯನ್ನು ಹೊತ್ತು ತಂದ ಹಡಗು ರೋಮಿನ ನದಿಯ ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಗಂಡಸರೆಲ್ಲ ಸೇರಿ ಎಳೆದರೂ ಕದಲುವುದಿಲ್ಲ. ಕ್ಲಾಡಿಯಾ ಎಂಬ ಒಬ್ಬಳಿರುತ್ತಾಳೆ. ಊರವರು ಅವಳ ನಡತೆಯ ಬಗ್ಗೆ ಇಲ್ಲದ್ದು ಆಡಿಕೊಂಡಿರುತ್ತಾರೆ. ಅವಳು ನೀರಿಗಿಳಿದು, ನಾನು ಶುದ್ಧಳಾಗಿದ್ದರೆ ನನ್ನ ಹಿಂದೆ ಬಾ ಎಂದು ದೇವಿಗೆ ಹೇಳಿ ಹಗ್ಗ ಹಿಡಿಯುತ್ತಾಳೆ. ಹಡಗು ಬರುತ್ತದೆ. ನಾನು ಚಪಾತಿ ಲಟ್ಟಿಸುತ್ತ ಹೂಂ ಹೂಂ ಎಂದೆ.

ಈಗ ಬರೆಯುವುದು ಕಷ್ಟದ ಭಾಗ. ಸ್ಫೂರ್ತಿಗೆ ಹುಟ್ಟುವಾಗಲೇ ಎಡ ಸೊಂಟದ ಕೀಲು ಸರಿಯಾಗಿ ಕೂತಿರಲಿಲ್ಲ. ಐದು ತುಂಬುವುದರೊಳಗೆ ಎರಡು ಆಪರೇಷನ್ ಆದವು. ಆದರೂ ಎಡಗಾಲು ಬಲಗಾಲಿಗಿಂತ ಗಿಡ್ಡವೇ ಉಳಿಯಿತು. ಬೂಟಿನೊಳಗೆ ದಪ್ಪನೆಯ ಅಟ್ಟೆ ಹಾಕಿಕೊಂಡರೂ ನಡೆಯುವಾಗ ಮೈ ಎಡಕ್ಕೆ ವಾಲುತ್ತದೆ. ಆ ವಿಷಯವನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ನಾನು ಕಟ್ಟು ಮಾಡಿದ್ದೆ. ಮೈಸೂರಿನಿಂದ ಬಂದ ನಮ್ಮತ್ತೆ ಒಮ್ಮೆ ‘ಪಾಪ, ಕುಂಟ್ತಾಳೆ’ ಎಂದದ್ದಕ್ಕೆ ಮೂರು ದಿನ ಅವರೊಡನೆ ಮಾತು ಬಿಟ್ಟಿದ್ದೆ. ಫಿಸಿಕಲ್ ಥೆರಪಿಗೆ ಹೋಗುವುದನ್ನು ನಾವು ‘ಅಪಾಯಿಂಟ್‌ಮೆಂಟ್’ ಎನ್ನುತ್ತಿದ್ದೆವು, ಅಷ್ಟೇ. ಈಸ್ಟ್ ಬ್ರನ್ಸ್‌ವಿಕ್‌ನ ಸ್ನೇಹಿತರ ಮನೆಯಲ್ಲಿ ಹಬ್ಬದ ದಿನ ಹುಡುಗಿಯರೆಲ್ಲ ಕುಣಿಯುವಾಗ ಅವಳಿಗೆ ಏನಾದರೂ ಕೆಲಸ ಹಚ್ಚಿ ಅಡುಗೆಮನೆಗೆ ಕರೆದುಕೊಳ್ಳುತ್ತಿದ್ದೆ. ಇದೆಲ್ಲ ಪ್ರೀತಿಯೆಂದೇ ನನ್ನ ತಿಳಿವಳಿಕೆಯಾಗಿತ್ತು.

ಆ ವರ್ಷದ ಏಪ್ರಿಲಿನ ಒಂದು ಮಧ್ಯಾಹ್ನ ಅವಳನ್ನು ಥೆರಪಿಗೆ ಬಿಟ್ಟು ನಾನು ಪಾರ್ಕಿಂಗ್ ಲಾಟಿನಲ್ಲಿ ಕಾಯುತ್ತಿದ್ದೆ. ಹಿಂದಿನ ಸೀಟಿನಲ್ಲಿ ಲ್ಯಾಟಿನ್ ಕ್ಲಬ್ಬಿನ ಸರ್ಟಿಫಿಕೇಟ್ ಬಿದ್ದಿತ್ತು, ಕ್ಲಾಡಿಯಾ ಎಂದು ದಪ್ಪಕ್ಷರದಲ್ಲಿ. ಹೊತ್ತು ಕಳೆಯಲು ಆ ಹೆಸರಿನ ಅರ್ಥವೇನೆಂದು ಫೋನಿನಲ್ಲಿ ಹುಡುಕಿದೆ. ಲ್ಯಾಟಿನ್ನಿನ ‘ಕ್ಲಾಡಸ್’ ಎಂಬ ಪದದಿಂದ ಬಂದದ್ದು, ಕುಂಟ ಎಂದರ್ಥ, ಎಂದಿತ್ತು. ಇನ್ನೆರಡು ಕಡೆ ನೋಡಿದೆ. ಅಲ್ಲಿಯೂ ಅದೇ.

ಏಳು ತಿಂಗಳಿನಿಂದ ಒಬ್ಬ ಮನುಷ್ಯ, ಅರ್ಥ ಗೊತ್ತಿದ್ದೂ, ನನ್ನ ಮಗಳನ್ನು ಇಡೀ ಕ್ಲಾಸಿನ ಮುಂದೆ ದಿನಾ ಕುಂಟಿ ಎಂದು ಕರೆಯುತ್ತಿದ್ದಾನೆ, ಅವಳಿಗೆ ಅದರ ಅರ್ಥ ಗೊತ್ತಿಲ್ಲ ಎಂಬುದಷ್ಟೇ ನನಗೆ ಹೊಳೆದದ್ದು. ಅವಳನ್ನು ಕೇಳಬಹುದಿತ್ತು. ಕೇಳಿದರೆ ಆ ಪದವನ್ನು ನಾನೇ ಅವಳೆದುರು ಉಚ್ಚರಿಸಬೇಕಾಗುತ್ತಿತ್ತು. ಗಂಡ, ಮೊದಲು ಮೇಷ್ಟ್ರಿಗೆ ಒಂದು ಫೋನ್ ಮಾಡು ಎಂದರು. ನಾನು ಮಾಡಲಿಲ್ಲ. ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ ದೂರುಗಳಿಗೆ ಉತ್ತರ ಬರೆಯುವುದೇ ನನ್ನ ಉದ್ಯೋಗ. ಎಂಥ ಪದ ಬಳಸಿದರೆ ಎಂಥವರೂ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆಂದು ಚೆನ್ನಾಗಿ ಗೊತ್ತು. ಅಂಗವೈಕಲ್ಯ, ಅವಮಾನ, ತಾರತಮ್ಯ ಎಂಬುದನ್ನೆಲ್ಲ ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಜೋಡಿಸಿ, ಸಂಜೆಯೊಳಗೆ ಪ್ರಿನ್ಸಿಪಾಲರಿಗೆ ಇ-ಮೇಲ್ ಕಳಿಸಿದೆ. ಅವರ ಮೇಲಿನವರಿಗೂ ಒಂದು ಪ್ರತಿ ಹಾಕಿದೆ.

ವಾರದೊಳಗೆ ಶಾಲೆಯಲ್ಲಿ ಮೀಟಿಂಗ್ ಆಯಿತು. ಉದ್ದನೆಯ ಮೇಜಿನ ಒಂದು ಕಡೆ ಪ್ರಿನ್ಸಿಪಾಲ್ ಮತ್ತು ಕೌನ್ಸೆಲರ್, ಎದುರಿಗೆ ನಾನು, ನನ್ನ ಗಂಡ, ನಡುವೆ ಸ್ಫೂರ್ತಿ. ಮೇಷ್ಟ್ರು ಕೊನೆಯಲ್ಲಿ ಒಬ್ಬರೇ ಕೂತಿದ್ದರು, ಮುಂದೆ ಒಂದು ಫೋಲ್ಡರ್ ತೆರೆದಿಟ್ಟುಕೊಂಡು. ಆ ಹೆಸರು ರೋಮಿನ ಒಂದು ದೊಡ್ಡ ಕುಲದ್ದು, ಪದದ ಅರ್ಥ ಅವರ ಕಾಲಕ್ಕೇ ಸವೆದುಹೋಗಿತ್ತು, ಆ ಕುಲದ ಮೂಲಪುರುಷನ ಹೆಸರೇ ಬೇರೆ ಇತ್ತು, ಅದು ಕುಂಟ ಎಂಬ ಪದದಿಂದ ಬಂದದ್ದಲ್ಲ ಎಂದು ಕೆಲವು ವಿದ್ವಾಂಸರು ಹೇಳುತ್ತಾರೆ ಎಂದೆಲ್ಲ ಅವರು ನಿಧಾನವಾಗಿ ವಿವರಿಸಿದರು. ಅಲ್ಲಿ ಯಾರಿಗೂ ಅದು ಬೇಕಿರಲಿಲ್ಲ. ಪ್ರಿನ್ಸಿಪಾಲ್ ಸ್ಫೂರ್ತಿಯ ಕಡೆ ತಿರುಗಿ, ಈ ಹೆಸರನ್ನು ಆರಿಸುವಾಗ ಅರ್ಥ ನಿನಗೆ ಗೊತ್ತಿತ್ತೇ ಎಂದು ಮೆತ್ತಗೆ ಕೇಳಿದರು.

ಅವಳು ನನ್ನ ಮುಖ ನೋಡಿದಳು. ಆಮೇಲೆ ಮೇಜು ನೋಡುತ್ತ, “ನೋ, ಐ ಡಿಡಂಟ್ ನೋ” ಎಂದಳು.

ಮೇಷ್ಟ್ರು ಫೋಲ್ಡರನ್ನು ಮುಚ್ಚಿ, ಅದರ ಮೇಲೆ ಎರಡೂ ಕೈ ಇಟ್ಟುಕೊಂಡರು. ಸಿಕ್ಕಿಬಿದ್ದವರು ಹಾಗೆ ಮಾಡುತ್ತಾರೆ ಎಂದು ನಾನು ಅಂದುಕೊಂಡೆ.

ಎರಡು ವಾರ ಅವರ ಕ್ಲಾಸಿಗೆ ಬೇರೆ ಟೀಚರ್ ಬಂದರು. ಅವರ ಸರ್ವಿಸ್ ಫೈಲಿನಲ್ಲಿ ಒಂದು ಎಚ್ಚರಿಕೆಯ ಪತ್ರ ಸೇರಿತು. ರೋಮನ್ ಹೆಸರುಗಳು ನಿಂತವು, ಆ ವಸಂತದ ಮ್ಯೂಸಿಯಮ್ ಪ್ರವಾಸವೂ ನಿಂತಿತು. ಮರಳಿ ಬಂದ ಮೇಲೆ ಮೇಷ್ಟ್ರು ಎಲ್ಲರನ್ನೂ ರಿಜಿಸ್ಟರಿನಲ್ಲಿದ್ದ ಹೆಸರಿನಿಂದ ಕರೆದರು. ಸ್ಫೂರ್ತಿ ಎಂಬುದನ್ನು ಶಾಲೆಯಲ್ಲಿ ಸರಿಯಾಗಿ ಉಚ್ಚರಿಸುತ್ತಿದ್ದವರು ಅವರೊಬ್ಬರೇ. ಜೂನಿನಲ್ಲಿ ನಿವೃತ್ತಿ ತೆಗೆದುಕೊಂಡರು. ಇನ್ನೂ ನಾಲ್ಕೈದು ವರ್ಷ ಮಾಡಬೇಕೆಂದಿದ್ದರಂತೆ. ಮಗಳು ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ವಯಸ್ಸು ಎಂದು ನಾವು ಸುಮ್ಮನಾದೆವು.

ಎರಡೂವರೆ ವರ್ಷದ ನಂತರ, ಅವಳು ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದಾಗ, ಒಂದು ಭಾನುವಾರ ಪ್ರಿಂಟರಿನ ತಟ್ಟೆಯಲ್ಲಿ ಅರ್ಜಿಯೊಡನೆ ಕಳಿಸಲೆಂದು ಅವಳು ತನ್ನ ಬಗ್ಗೆ ಬರೆದಿದ್ದ ಪ್ರಬಂಧದ ಎರಡು ಹಾಳೆ ಸಿಕ್ಕಿತು. ನಿಂತಲ್ಲೇ ಓದಿದೆ. ಕ್ಲಾಡಿಯಾ ಎಂಬ ಹೆಸರಿನ ಅರ್ಥ ಅವಳಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೇ ಆರಿಸಿದ್ದಳು. ನಮ್ಮ ಮನೆಯಲ್ಲಿ ಯಾರೂ ಆಡದ ಆ ಪದ ಒಂದು ದೊಡ್ಡ ಮನೆತನದ ಹೆಸರಾಗಿ ಎರಡು ಸಾವಿರ ವರ್ಷ ಬಾಳಿದೆ, ಆ ಮನೆತನದಲ್ಲಿ ನಿಜವಾಗಿಯೂ ಕುಂಟುತ್ತಿದ್ದ ಒಬ್ಬ ಚಕ್ರವರ್ತಿಯಾಗಿದ್ದಾನೆ, ಹಡಗು ಎಳೆದ ಹೆಂಗಸು ಇದ್ದಾಳೆ. ಈ ಪದವನ್ನು ಯಾರಾದರೂ ದಿನಾ ಕರೆಯಲಿ, ನಾನು ಹೂಂಗುಟ್ಟುತ್ತೇನೆ, ಕೇಳಿ ಕೇಳಿ ಹೆದರಿಕೆ ಹೋಗಲಿ ಎಂದು ಕಾರ್ಡಿನ ಮೇಲೆ ಬರೆದು ಮೇಷ್ಟ್ರಿಗೆ ಕೊಟ್ಟಿದ್ದಳು. ಕೆಳಗೆ, ನಮ್ಮ ಅಮ್ಮನಿಗೆ ಹೇಳಬೇಡಿ ಎಂದು ಸೇರಿಸಿದ್ದಳು. ಮೀಟಿಂಗಿನ ದಿನ ಆ ಕಾರ್ಡು ಫೋಲ್ಡರಿನಲ್ಲಿತ್ತು. ‘ನಾನು ಸುಳ್ಳು ಹೇಳಿದೆ, ಅವರು ನನ್ನ ಸುಳ್ಳನ್ನು ಕಾಪಾಡಿದರು’ ಎಂಬರ್ಥದ ಸಾಲಿನೊಂದಿಗೆ ಪ್ರಬಂಧ ಮುಗಿದಿತ್ತು.

ನಾನು ಆ ಹಾಳೆ ಹಿಡಿದುಕೊಂಡು ಅವಳ ಕೋಣೆಗೆ ಹೋದೆ. ಅವಳು ಹೆದರಲಿಲ್ಲ, ಅಳಲೂ ಇಲ್ಲ. ನಾನಾದರೂ ಆಗ ತಬ್ಬಿಕೊಳ್ಳಬೇಕಿತ್ತು. ಬದಲಿಗೆ, ಸುಳ್ಳು ಹೇಳಿದೆ ಎಂದು ಯಾರಾದರೂ ಕಾಲೇಜಿಗೆ ಬರೆದುಕೊಡುತ್ತಾರಾ, ಇದನ್ನು ಕಳಿಸಬೇಡ ಎಂದೆ. ಅವಳು ಕಳಿಸಲಿಲ್ಲ. ಲೈಬ್ರರಿಯಲ್ಲಿ ಚಿಕ್ಕ ಮಕ್ಕಳಿಗೆ ಓದಿ ಹೇಳಿದ್ದರ ಬಗ್ಗೆ ಬೇರೊಂದು ಬರೆದಳು.

ಮುಂದಿನ ಶನಿವಾರ ನಾನೊಬ್ಬಳೇ ಮೆಟುಚೆನ್‌ಗೆ ಡ್ರೈವ್ ಮಾಡಿಕೊಂಡು ಹೋದೆ. ಮೇಷ್ಟ್ರು ಮನೆಯ ಮುಂದೆ ಉದುರಿದ ಎಲೆಗಳನ್ನು ಬಾಚಿ ಚೀಲಕ್ಕೆ ತುಂಬುತ್ತಿದ್ದರು. ತುಂಬ ಇಳಿದುಹೋಗಿದ್ದರು, ಕೋಟು ಹೆಗಲಿನಿಂದ ಜೋಲುತ್ತಿತ್ತು. ನನ್ನನ್ನು ನೋಡಿ ಆಶ್ಚರ್ಯಪಡಲಿಲ್ಲ. ತಂಗಿ ಆಸ್ಪತ್ರೆಯ ಡ್ಯೂಟಿಯಲ್ಲಿದ್ದರು. ತಾವೇ ಚಾ ಮಾಡಿ, ಬಟರ್ ಬಿಸ್ಕತ್ತಿಟ್ಟು ಎದುರಿಗೆ ಕೂತರು. ನಾನು ಗೊತ್ತಾದದ್ದನ್ನೆಲ್ಲ ಹೇಳಿ, ತಪ್ಪಾಯಿತು ಎಂದೆ. ಆ ಕಾರ್ಡನ್ನು ಅಂದೇ ಯಾಕೆ ತೋರಿಸಲಿಲ್ಲ ಎಂದೂ ಕೇಳಿದೆ.

“ಅದು ಅವಳು ನನಗೆ ಬರೆದದ್ದಲ್ವಾ” ಎಂದರು. “ತೋರಿಸಿದ್ರೆ ಮಗು ಎಲ್ಲರ ಎದುರು ಸುಳ್ಳುಗಾರ್ತಿ ಆಗ್ತಿತ್ತು. ಅದೂ ಕುಂಟುವ ಕಾಲಿನ ವಿಷಯದಲ್ಲಿ, ಅದೂ ತಾಯಿಯ ಎದುರು. ನಂಗೆ ಹೇಗೂ ವಯಸ್ಸಾಗಿತ್ತು.”

ಆ ಪದವನ್ನು ಅವರು ಬೂಟು, ಕೊಡೆ ಎನ್ನುವಂತೆ ಸಾದಾ ಹೇಳಿದರು. ಚಾ ಮುಗಿಸಿ, ಲೋಟ ಕೆಳಗಿಟ್ಟು, ಇಷ್ಟು ದಿನ ಒಳಗಿಟ್ಟುಕೊಂಡಿದ್ದನ್ನು ಆಡಿದರು.

“ನೀವು ಅಷ್ಟುದ್ದ ಇಂಗ್ಲಿಷಲ್ಲಿ ಬರೆದ್ರಿ. ಒಂದು ಫೋನ್ ಮಾಡಿ, ಎಂತ ಮಾರಾಯ್ರೆ ಇದು ಅಂತ ಕನ್ನಡದಲ್ಲಿ ಕೇಳಬಹುದಿತ್ತು. ನಾನು ಇಡೀ ದಿನ ಆ ಶಾಲೇಲಿ ಕನ್ನಡ ಮಾತಾಡ್ಲಿಕ್ಕೆ ಯಾರೂ ಇಲ್ಲದೆ ಇದ್ದವ. ನಿಮ್ಮ ಫೋನ್ ಬಂದಿದ್ರೆ ಖುಷಿಯೇ ಆಗ್ತಿತ್ತು.”

ನಾನು ಏನಾದರೂ ಮಾಡಲೇ ಎಂದು ಕೇಳಿದೆ. ಅವರು ಬಹಳ ಸಂಕೋಚದಿಂದ ಒಂದೇ ಒಂದು ಕೇಳಿದರು. ಶಾಲೆಗೆ ನಾಲ್ಕು ಸಾಲು ಬರೆದು ಆ ದೂರು ತಪ್ಪಾಗಿತ್ತೆಂದು ತಿಳಿಸಬೇಕು. ಹುಡುಗಿಯ ಹೆಸರು ಬರಬಾರದು. ಇಪ್ಪತ್ತಾರು ವರ್ಷದ ಫೈಲಿನಲ್ಲಿ ಆ ಒಂದೇ ಕಾಗದ ಅವರಿಗೆ ಚುಚ್ಚುತ್ತಿತ್ತು. ಬರೆಯುತ್ತೇನೆ ಎಂದು ಮಾತು ಕೊಟ್ಟೆ.

ಬರೆಯಲಿಲ್ಲ. ಅರ್ಜಿಗಳು ಮುಗಿಯಲಿ, ಈಗ ಶಾಲೆಯನ್ನು ಕೆದಕುವುದು ಬೇಡ ಎಂದುಕೊಂಡೆ. ಸೀಟು ಸಿಕ್ಕಿತು, ಗ್ರಾಜುಯೇಶನ್ ಆಗಲಿ ಎಂದುಕೊಂಡೆ. ಅವಳು ನ್ಯೂಯಾರ್ಕಿನ ಕಾಲೇಜಿಗೆ ಹೋದಳು. ಆಮೇಲೆ ಯಾವ ಕಾರಣವೂ ಇರಲಿಲ್ಲ, ಸುಮ್ಮನೆ ಬರೆಯಲಿಲ್ಲ. ದಿನಕ್ಕೆ ಹದಿನೈದು ಕಾಗದ ಬರೆಯುವವಳು ನಾನು. ಆ ನಾಲ್ಕು ಸಾಲು ಎರಡು ವರ್ಷಕ್ಕೂ ಮೇಲೆ ನನ್ನಿಂದ ಆಗಲಿಲ್ಲ.

ಚರ್ಚಿಗೆ ನಾನೂ ಗಂಡನೂ ಹೋಗಿ ಹಿಂದಿನ ಸಾಲಿನಲ್ಲಿ ಕೂತೆವು. ಸ್ಫೂರ್ತಿ ನೇರ ರೈಲಿನಿಂದ ಇಳಿದು ಬಂದಿದ್ದಳು. ಸಾಕಷ್ಟು ಹಳೆಯ ವಿದ್ಯಾರ್ಥಿಗಳಿದ್ದರು, ಕೆಲವರ ತಲೆ ಆಗಲೇ ನರೆತಿತ್ತು. ಪ್ರಾರ್ಥನೆ ಮುಗಿದ ಮೇಲೆ ಜನ ಸಾಲಾಗಿ ಮೇಷ್ಟ್ರ ತಂಗಿಯ ಕೈ ಹಿಡಿದು ಮುಂದೆ ಹೋಗುತ್ತಿದ್ದರು. ಸ್ಫೂರ್ತಿ ಅವರ ಮುಂದೆ ನಿಂತಳು. ಮನೆಯಲ್ಲಿ ನಾನು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ, ತಡವರಿಸುತ್ತ ಕನ್ನಡದಲ್ಲಿ, “ಆಂಟಿ, ನಾನು ಸುಳ್ಳು ಹೇಳಿದ್ದೆ. ಅದರಿಂದ ಸರ್‌ಗೆ ತೊಂದ್ರೆ ಆಯ್ತು” ಎಂದಳು. ಅವರು ಅವಳ ಕೆನ್ನೆ ಮುಟ್ಟಿ, “ಅವನಿಗೆ ನಿನ್ನ ಮೇಲೆ ಬೇಜಾರೇ ಇರ್ಲಿಲ್ಲ ಮಗಾ” ಎಂದರು. ಹಿಂದೆ ನಿಂತಿದ್ದ ನನ್ನ ಕಡೆ ತಿರುಗಿ, ನಾನು ಯಾರೆಂದು ತಿಳಿಯದೆ, ಅಳುತ್ತ ಹೇಳಿದರು: “ಶಾಲೆಯಿಂದ ಒಂದು ಕಾಗದ ಬರ್ಲಿಕ್ಕುಂಟು ಅಂತ ಹೇಳ್ತಿದ್ದ. ಆಸ್ಪತ್ರೆಗೆ ಹೋಗುವ ದಿನವೂ ಪೋಸ್ಟ್ ಬಂತಾ ಕೇಳಿದ.”

ಅದರ ಮಾರನೆಯ ದಿನವೇ ಬರೆದೆ. ಸ್ಫೂರ್ತಿ ಇನ್ನೂ ಮನೆಯಲ್ಲೇ ಇದ್ದಳು. ಓದಿ ನೋಡು ಎಂದು ಕೊಟ್ಟೆ. ತಪ್ಪು ತಿಳಿವಳಿಕೆಯಿಂದ ಹೀಗಾಯಿತು ಎಂದು ಬರೆದಿದ್ದೆ. ಅವಳು ಆ ಪದದ ಮೇಲೆ ಬೆರಳಿಟ್ಟು, ಇದು ನಿನ್ನ ಆಫೀಸಿನ ಪದ ಅಮ್ಮಾ, ಅಂದಳು. ಅದನ್ನು ತೆಗೆದು, ನಾನು ವಿಚಾರಿಸದೆ ಆರೋಪ ಮಾಡಿದೆ, ಅವರು ನಿರಪರಾಧಿ, ಎಂದು ಹಾಕಿದೆ. ಅವಳು ತನ್ನ ಹೆಸರೂ ಇರಲಿ ಎಂದು ಹಟ ಮಾಡಿ, ಕೆಳಗೆ ತಾನು ಹೇಳಿದ ಸುಳ್ಳನ್ನೂ ಎರಡು ಸಾಲಿನಲ್ಲಿ ಬರೆದು ಸಹಿ ಹಾಕಿದಳು. ಈ ಸಲ ನಾನು ತಡೆಯಲಿಲ್ಲ. ಶಾಲೆಯಿಂದ ಹತ್ತು ದಿನಕ್ಕೆ ಉತ್ತರ ಬಂತು. ಪ್ರಿನ್ಸಿಪಾಲ್ ಹೊಸಬರು. ಪತ್ರಕ್ಕೆ ಧನ್ಯವಾದ, ಹಳೆಯ ಸಿಬ್ಬಂದಿಯ ವಿಷಯಗಳನ್ನು ಚರ್ಚಿಸಲು ಬರುವುದಿಲ್ಲ ಎಂದಿತ್ತು.

ನಮ್ಮ ಪತ್ರದ ಒಂದು ಪ್ರತಿ ಹಿಡಿದುಕೊಂಡು ಮೆಟುಚೆನ್‌ನ ಆ ಮನೆಗೆ ಮತ್ತೆ ಹೋದೆ. ತಂಗಿ ಅಣ್ಣನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದರು. ಅಂದು ದೂರು ಬರೆದವಳು, ಕಾಗದ ಬರೆಯುತ್ತೇನೆಂದು ಬರೆಯದೆ ಉಳಿದವಳು ನಾನೇ ಎಂದು ಬಾಗಿಲಲ್ಲೇ ಹೇಳಿಬಿಟ್ಟೆ. ಅವರು ಒಳಗೆ ಬನ್ನಿ ಎಂದರು. ಕನ್ನಡಕ ಹುಡುಕಿ ತಂದು, ಕಿಟಕಿಯ ಹತ್ತಿರ ನಿಂತು ಓದಿದರು. ಎರಡು ಸಲ ಓದಿದರೆಂದು ಕಾಣುತ್ತದೆ. ಆಮೇಲೆ ಇದ್ದ ಮಡಿಕೆಯಲ್ಲೇ ಮಡಿಸಿ, ಲಕೋಟೆಗೆ ಹಾಕಿ, ನನ್ನ ಕೈಗೆ ಕೊಟ್ಟರು.

“ಓದುವವ ಇಲ್ಲಲ್ಲ. ನೀವೇ ಇಟ್ಕೊಳ್ಳಿ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನಾನು ಎದ್ದಾಗ ಅವರೂ ಬಾಗಿಲವರೆಗೆ ಬಂದರು. ಮೆಟ್ಟಿಲ ಮೇಲೆ ಐಸ್ ಉಂಟು, ಕಂಬಿ ಹಿಡ್ಕೊಂಡು ಇಳೀರಿ ಎಂದರು. ನಾನು ಇಳಿದು ಕಾರು ಹತ್ತುವವರೆಗೂ ಆ ಚಳಿಯಲ್ಲಿ ಬಾಗಿಲು ತೆರೆದುಕೊಂಡೇ ನಿಂತಿದ್ದರು.